ಬದುವಿನ ಮೆಂಬರು

ರೊಟ್ಟಿಯನ್ನು ನಕ್ಷೆ ಮಾಡಿ ತಿನ್ನುವ ಗಂಡಸನ್ನು ನನ್ನ ಆಯುಷ್ಯದಲ್ಲಿ ನಾನು ನೋಡಿದ್ದು ಒಬ್ಬರನ್ನೇ. ಸರಸಂಬಾದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಮೋಟುಗೋಡೆ ಅಷ್ಟೇ. ರಕ್ತಸಂಬಂಧ ಇರಲಿಲ್ಲ, ಆದರೂ ನನಗೆ ಅವರು ಕಾಕಾ, ಅವರ ಹೆಂಡತಿ ಕಾಕಿ. ಮಧ್ಯಾಹ್ನ ಉಣ್ಣಲು ಕೂತರೆ ಕಾಕಾ ಜೋಳದ ರೊಟ್ಟಿಯನ್ನು ಮೂರು ತುಂಡು ಮಾಡಿ ತಾಟಿನಲ್ಲಿ ಹರಡುವರು. ಆಮೇಲೆ ಬೆರಳಿನಿಂದ ಬೇಳೆಯ ಒಂದು ಗೆರೆ ಎಳೆಯುವರು.

"ಇದು ನಮ್ಮ ಆಳಂದ. ಬಗಲಿಗೆ ಅಫಜಲಪುರ. ಈ ಬ್ಯಾಳಿ ಹರ್ಯಾಕತ್ತದಲ್ಲ, ಇದು ಭೀಮಾ ಹೊಳಿ. ಹೊಳಿ ಆಚೀಕ ಜೇವರ್ಗಿ. ಈ ಮೂರಕ್ಕೂ ಕೂಡಿ ಒಬ್ಬನ ಒಬ್ಬ ಮೆಂಬರ್. ಹೊಳಿ ತುಂಬಿ ಬಂದ್ರ ಅಂವ ಹ್ಯಾಂಗ ದಾಟಿ ಬರ್ತಾನ, ಹೇಳ್ರಿ ನೋಡಮು?"

"ಅಂವ ಬರೂದು ಇರ್ಲಿ," ಅಂತ ಕಾಕಿ ಒಲೆಯ ಮುಂದಿನಿಂದಲೇ ಅನ್ನುವರು. "ನಿಮ್ಮ ಜೇವರ್ಗಿ ಆರಿ ಹೋಗಾಕತ್ತದ. ಮೊದಲ ಅದನ್ನ ತಿನ್ರಿ."

ಮೊನ್ನೆ ನನ್ನ ಮೊಮ್ಮಗಳು ಫೋನಿನಲ್ಲಿ ಬಣ್ಣಬಣ್ಣದ ನಕ್ಷೆಯೊಂದನ್ನು ತೆಗೆದು, "ಆಯಿ, ಕ್ಷೇತ್ರದ ಗೆರಿ ಮತ್ತ ಹೊಸದಾಗಿ ಎಳೀತಾರಂತ ನೋಡು" ಅಂದಾಗ ನನಗೆ ನೆನಪಾದದ್ದು ಆ ತಾಟು. ಫೋನಿನಲ್ಲಿ ಬರೆಯುವುದನ್ನೂ ಅವಳೇ ಕಲಿಸಿದ್ದಾಳೆ. ಹಾಗಾಗಿ ಈ ಸಿಟ್ಟನ್ನು ಇನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡು ಕೂಡಲು ನನಗೀಗ ಯಾವ ನೆವವೂ ಉಳಿದಿಲ್ಲ.

ಸಿಟ್ಟು ಯಾಕೆಂದರೆ, ಆ ಒಬ್ಬ ಮೆಂಬರು ತಾವಾಗಬೇಕು ಎಂದು ಕಾಕಾ ಬಯಸಿದ್ದರು. ಆ ಬಯಕೆಗೆ ತಮ್ಮ ಹೊಲವನ್ನೇ ಪಣಕ್ಕಿಟ್ಟರು.

ಆಗ ನಮ್ಮದು ನಿಜಾಮರ ರಾಜ್ಯ. ಸೊಲ್ಲಾಪುರದ ಕಡೆ ಸ್ವಾತಂತ್ರ್ಯ ಬಂದು ಬಾವುಟ ಏರಿತ್ತು. ಅಲ್ಲಿಂದ ಒಂದು ದಿನದ ಬಂಡಿ ಹಾದಿಯಲ್ಲಿದ್ದ ನಮಗೆ ಬಂದಿರಲಿಲ್ಲ. ಹೈದರಾಬಾದಿನಲ್ಲಿ ಒಂದು ಶಾಸನಸಭೆ ಅಂತ ಮಾಡಿದ್ದರು. ಅದರ ಸೀಟು ಹಂಚಿದ ರೀತಿ ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಈಗ ನೀವು ಯಾವ ಊರಿನವರೋ ಅದೇ ನಿಮ್ಮ ಕ್ಷೇತ್ರ. ಆಗ ಹಾಗಲ್ಲ. ತಾಲೂಕುಗಳನ್ನು ಕೂಡಿಸಿದ ಮೇಲೂ ನಿಮ್ಮ ಕಸುಬು ಯಾವುದು ಎಂದು ಕೇಳುತ್ತಿದ್ದರು. ಹೊಲದ ಪಟ್ಟಾ ತಮ್ಮ ಹೆಸರಿನಲ್ಲಿ ಇದ್ದವರು ಪಟ್ಟೇದಾರರು, ಅವರಿಗೆ ಒಂದು ಸೀಟು. ಇನ್ನೊಬ್ಬರ ಹೊಲವನ್ನು ಕೌಲಿಗೆ ಹಿಡಿದು ಮಾಡುವವರು ಕೌಲುದಾರರು, ಅವರಿಗೆ ಬೇರೆ ಸೀಟು. ವ್ಯಾಪಾರಿಗಳಿಗೆ ಬೇರೆ, ವಕೀಲರಿಗೆ ಬೇರೆ. ಒಂದೇ ಓಣಿಯಲ್ಲಿ, ಒಂದೇ ಬಾವಿಯ ನೀರು ಕುಡಿಯುವ ಮನೆಗಳಿಗೆ ಬೇರೆ ಬೇರೆ ಮೆಂಬರು. ವೋಟು ಕೂಡ ಎಲ್ಲರಿಗೂ ಇರಲಿಲ್ಲ.

ಕಾಕಾ ಇದನ್ನು ಕಟ್ಟೆಯ ಮೇಲೆ ಕೂತು ವಿವರಿಸುವಾಗ ನಾನು ಕೇಳಿದೆ, "ಕಾಕಾ, ಹುಡಿಗ್ಯಾರಿಗಿ ಯಾ ಸೀಟು?"

"ನಿನ್ನ ಕಸಬು ಏನು?"

"ಬೈಸಿಕೊಳ್ಳೂದು."

ಕಾಕಾ ಹಣೆ ಬಡಿದುಕೊಂಡು ನಕ್ಕರು. "ಹಂಗಾದ್ರ ನಿಮ್ಮದು ಎಲ್ಲಾದಕ್ಕಿಂತ ದೊಡ್ಡ ಕ್ಷೇತ್ರ. ಮೂರು ತಾಲೂಕ ಸಾಲಂಗಿಲ್ಲ."

ಉದ್ದನೆಯ ಆಳು, ಸಣಕಲು. ರುಮಾಲು ಸದಾ ಎಡಗಡೆ ವಾಲಿರುತ್ತಿತ್ತು. ಯಾವ ಮಾತಿಗೂ ಅವರ ಕೊನೆಯ ಪ್ರಶ್ನೆ ಒಂದೇ: "ಇದರ ಪರ ಮಾತಾಡೋರು ಯಾರು?" ಆಡು ಮಾರಿದರೆ ಆಡಿನ ಪರ ಯಾರು, ಬೇವಿನ ಮರ ಕಡಿದರೆ ಬೇವಿನ ಪರ ಯಾರು. ಒಂದು ಸಲ ನನ್ನ ಅಜ್ಜಿ ನನ್ನ ಅವ್ವನಿಗೆ ಪಾತ್ರೆಯಲ್ಲಿ ಜಿಡ್ಡು ಉಳಿದಿದೆ ಎಂದು ಬೈಯುತ್ತಿದ್ದಳು. ಮೋಟುಗೋಡೆಯ ಮೇಲೆ ಆ ವಾಲಿದ ರುಮಾಲು ಎದ್ದಿತು.

"ಅತ್ತಿ ಪರ ಅತ್ತಿನೇ ಮಾತಾಡಾಕತ್ತಾಳ. ಸೊಸಿ ಪರ ಯಾರು?"

"ಅಷ್ಟ್ಯಾಕ ಉರೀತದೋ? ನೀನೇ ಬಂದು ತಿಕ್ಕು!" ಅಂದಳು ಅಜ್ಜಿ.

ಕಾಕಾ ಗೋಡೆ ಹಾರಿ ಬಂದರು, ಬೂದಿ ಹಿಡಿದು ತಿಕ್ಕಿಯೇ ಬಿಟ್ಟರು. ಊರಿನ ಗಂಡಸರು ಅದನ್ನು ವಾರಗಟ್ಟಲೆ ಆಡಿಕೊಂಡರು. ನನ್ನ ಅವ್ವ ಮಾತ್ರ ಬದುಕಿರುವ ತನಕ ಆ ಪಾತ್ರೆಯನ್ನು ಯಾರಿಗೂ ಕೊಡಲಿಲ್ಲ.

ಸಭೆಗೆ ಹೋಗಿ ಕಾಕಾ ಹೇಳಬೇಕೆಂದಿದ್ದ ಮಾತೂ ಒಂದೇ. ಅವರಿಗೆ ತಂದೆಯಿಂದ ಬಂದ ಸ್ವಲ್ಪ ಎರಿ ಹೊಲ ಇತ್ತು, ಕರಿ ಮಣ್ಣಿನದು. ಅದಕ್ಕೆ ಹತ್ತಿದ ಹೊಲ ಊರಿನ ದೊಡ್ಡ ಜಮೀನುದಾರರಾದ ದೇಶಮುಖರದು. ಅದನ್ನು ಕಾಕಾ ಕೌಲಿಗೆ ಮಾಡುತ್ತಿದ್ದರು. ಎರಡರ ನಡುವೆ ಒಂದು ಬದು. ನಮ್ಮ ಕಡೆ ಕೌಲು ಎಂದರೆ ಬರಹವಲ್ಲ. ಯುಗಾದಿಯ ದಿನ ಕೌಲು ಮಾಡುವವರೆಲ್ಲ ದೇಶಮುಖರ ವಾಡೆಯ ಮುಂದೆ ಸಾಲಾಗಿ ನಿಲ್ಲಬೇಕು. ಅವರು ಒಬ್ಬೊಬ್ಬರ ಕೈಗೆ ಎಲೆ ಅಡಿಕೆ ಕೊಡುತ್ತಾರೆ. ಎಲೆ ಸಿಕ್ಕಿತೋ, ಆ ವರ್ಷದ ಹೊಲ ಸಿಕ್ಕಿತು. ನಿಮ್ಮನ್ನು ದಾಟಿ ಮುಂದಿನವನ ಕೈಗೆ ಎಲೆ ಹೋಯಿತೋ, ನೀವು ಹಾಕಿದ ಗೊಬ್ಬರ ಸಮೇತ ಹೊಲ ಹೋಯಿತು. ಬಾಯಿ ತೆರೆಯುವಂತಿಲ್ಲ.

"ಎಲಿ ಕೊಟ್ಟಿದ್ದನ್ನ ಬರೀರಿ," ಇದೇ ಕಾಕಾನ ಭಾಷಣ. "ಯಾರಿಗಿ ಕೊಟ್ರಿ, ಯಾ ಹೊಲಕ್ಕ ಕೊಟ್ರಿ, ಬರದು ಮುದ್ರಿ ಒತ್ರಿ. ಮತ್ತೇನೂ ಬ್ಯಾಡ."

ಸಭೆ ನಡೆಯುವುದು ಉರ್ದುವಿನಲ್ಲಿ ಎಂದು ಕೇಳಿ ಉರ್ದುವಿನಲ್ಲೂ ತಯಾರಾದರು. ಕೇಳುವವರು ಅವರ ಜೋಡಿ ಎತ್ತುಗಳು. ಎಡಗಡೆಯ ಎತ್ತಿನ ಮುಂದೆ ಕೈಕಟ್ಟಿ ನಿಂತು, "ಜನಾಬ್ ಸದರ್ ಸಾಹೇಬ್" ಅಂದರೆ ಸಭಾಪತಿಗಳೇ ಎಂದು ಶುರು ಮಾಡುವರು. ಸದರ್ ಸಾಹೇಬರು ಅದೇ ಹೊತ್ತಿಗೆ ಬಾಲ ಎತ್ತುತ್ತಿದ್ದರು. ಆದರೂ ಕಾಕಾ ಭಾಷಣ ಮುಗಿಸದೆ ಬಿಡುತ್ತಿರಲಿಲ್ಲ.

ಆ ವರ್ಷ ನಮ್ಮ ಮೂರು ತಾಲೂಕಿನ ಕೌಲುದಾರರ ಸೀಟು ಖಾಲಿ ಬಿತ್ತು. ಕಾಕಾ ತಹಶೀಲ ಕಚೇರಿಗೆ ಹೋಗಿ ಪೇಶಕಾರನನ್ನು, ಅಂದರೆ ಅಲ್ಲಿಯ ಗುಮಾಸ್ತನನ್ನು, ವಿಚಾರಿಸಿದರು. ಅವನು ಹೇಳಿದ್ದು: ಪಟ್ಟಾ ಇದ್ದವನು ಪಟ್ಟೇದಾರ. ಎಷ್ಟು ಚಿಕ್ಕ ಹೊಲವಾದರೂ ಸರಿ, ಅವನು ಕೌಲುದಾರರ ಕಡೆಯಿಂದ ನಿಲ್ಲುವಂತಿಲ್ಲ. ಪಟ್ಟೇದಾರರ ಸೀಟಿನಲ್ಲಿ ದೇಶಮುಖರಂಥವರ ಎದುರು ಕಾಕಾನನ್ನು ಕೇಳುವವರು ಯಾರು? ಕೌಲುದಾರನಾಗಿಯೇ ನಿಲ್ಲಬೇಕು ಎಂದರೆ ತಮ್ಮ ಹೊಲವನ್ನು ಬೇರೆಯವರ ಹೆಸರಿಗೆ ಮಾಡಬೇಕು.

"ನನ್ನ ಹೆಸರಿಗಿ ಮಾಡ್ರಿ," ಅಂದರು ಕಾಕಿ.

"ಗಂಡ ಹೆಂಡ್ತಿ ಒಂದೇ ಮನಿ ಅಂತಾರ ಬೇ. ನಡ್ಯಂಗಿಲ್ಲಂತ. ಅಣ್ಣಂದು ಬ್ಯಾರೆ ಮನಿ ಅದ. ಅಂವನ ಹೆಸರಿಗಿ ಮಾಡ್ತೇನಿ."

"ನಿಮ್ಮ ಅಣ್ಣನ ಹೆಸರಿಗೇನ್ರಿ? ಹಬ್ಬಕ್ಕ ಕಡಾ ತಗೊಂಡು ಹೋದ ಬೆಲ್ಲದ ಡಬ್ಬಿ ಇನ್ನೂ ತಿರುಗಿ ಬಂದಿಲ್ಲ. ಹೊಲ ಬರ್ತದೇನು?"

ಅಣ್ಣನನ್ನು ಮನೆಗೆ ಕರೆಸಿದರು. ಅವನು ವಿಭೂತಿ ಮುಟ್ಟಿ, "ನೀ ಮೆಂಬರಾಗು ತಮ್ಮಾ. ಹೊಲ ನನ್ನ ಹತ್ರ ಇದ್ರೂ ನಿಂದೇ. ಸೀಟು ಮುಗದ ಮರುದಿನ ನಿನ್ನ ಹೆಸರಿಗಿ ವಾಪಸ್" ಅಂದ. ಕಾಕಾನ ಕಣ್ಣು ತುಂಬಿ ಬಂತು. ಕಾಕಿ ಒಳಗೆ ಹೋಗಿ ಬೀಸುವ ಕಲ್ಲಿನ ಮುಂದೆ ಕೂತರು. ಅಂದು ಬೀಸಿದ ಸದ್ದು ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು.

ಇನ್ನೊಂದು ಅಡ್ಡಿ ಬಂದದ್ದು ಊರಿನ ಖಾದಿ ಟೋಪಿಯ ಮಾಸ್ತರರಿಂದ. ಅವರು ಒಳ್ಳೆಯವರೇ. "ಈ ಸಭಾನೇ ಸುಳ್ಳು ಅದ. ನಾವು ಬಹಿಷ್ಕಾರ ಹಾಕೇವಿ. ನೀವು ಹೋಗಬ್ಯಾಡ್ರಿ" ಅಂದರು.

ಕಾಕಾ ಕೇಳಿದರು, "ಮಾಸ್ತರ್, ನೀವು ಅಲ್ಲಿಗಿ ಹೋಗಂಗಿಲ್ಲ. ಅಲ್ಲಿದ್ದವರು ಇಲ್ಲಿಗಿ ಬರಂಗಿಲ್ಲ. ಬರೂ ಯುಗಾದಿಗಿ ಎಲಿ ತಪ್ಪಿದವನ ಪರ ಮಾತಾಡೋರು ಯಾರ್ರೀ?"

ಮಾಸ್ತರರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಹೆಸರು ಕೊಡುವ ದಿನ ಕಾಕಾ ತೊಳೆದ ಧೋತರ ಉಟ್ಟು ಬಂಡಿ ಏರಿದರು. ಸಾಕ್ಷಿಗೆ ನಮ್ಮಪ್ಪ ಹೋಗಿದ್ದ; ಯುಗಾದಿಯ ಸಾಲಿನಲ್ಲಿ ಕಾಕಾನ ಹಿಂದೆಯೇ ನಿಂತು ಎಲೆ ಪಡೆದವನು ಅವನು. ಆಳಂದದ ಕಚೇರಿಯಲ್ಲಿ ನಡೆದದ್ದನ್ನು ಅಪ್ಪ ಮುಂದೆ ಎಷ್ಟು ಸಲ ಹೇಳಿದನೋ, ಹೇಳಿದಾಗಲೆಲ್ಲ ಹಲ್ಲು ಕಡಿಯುತ್ತಿದ್ದ.

ಅಲ್ಲಿ ದೇಶಮುಖರು ಮೊದಲೇ ಬಂದು ಕೂತಿದ್ದರು. ಪಕ್ಕದಲ್ಲಿ ಅವರ ಅಳಿಯ, ಹೊಳೆ ಆಚೆ ಜೇವರ್ಗಿ ಕಡೆಯವನು. ಕೈಯಲ್ಲಿ ಉಂಗುರಗಳು, ಕಾಲಲ್ಲಿ ಹೊಳೆಯುವ ಬೂಟು. ಕೌಲುದಾರರ ಸೀಟಿಗೆ ಅವನೂ ಹೆಸರು ಕೊಡಲು ಬಂದಿದ್ದ. ಮಾವನ ಹೊಲದಲ್ಲಿ ಅವನು ಕೌಲುದಾರನಂತೆ! ನೇಗಿಲು ಯಾವ ತುದಿಯಿಂದ ಹಿಡಿಯಬೇಕೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಪೇಶಕಾರ ಕಾಕಾನನ್ನು ಕೇಳಿದ, "ಕಸಬು?"

"ಕೌಲು ಮಾಡ್ತೇನ್ರಿ. ಇವರದೇ ಹೊಲ, ದೇಶಮುಖರದು."

ಪೇಶಕಾರ ದೇಶಮುಖರ ಮುಖ ನೋಡಿದ. ಅವರು ಅಡಿಕೆ ಕತ್ತರಿಸುತ್ತಲೇ ಹೇಳಿದರು, "ಇಂವೇನು? ಇಂವ ನಮ್ಮ ಆಳು. ಹೊಲದಾಗ ದುಡೀತಾನ, ಕಾಳು ಒಯ್ತಾನ."

"ಯಪ್ಪಾ, ಯುಗಾದಿಗಿ ನನ್ನ ಕೈಯಾಗ ಎಲಿ ಕೊಟ್ಟೀರಿ!"

"ಎಲಿ ಯಾರಿಗಿ ಕೊಟ್ಟಿಲ್ಲ? ಮದಿವ್ಯಾಗ ವಾಜಂತ್ರಿಯವರಿಗೂ ಕೊಡ್ತೇನಿ. ಅವರೆಲ್ಲ ನನ್ನ ಬೀಗರೇನು?"

ಕಚೇರಿ ನಕ್ಕಿತು. ನಮ್ಮಪ್ಪ ಮುಂದೆ ಬಂದು, "ಎಲಿ ಕೊಟ್ಟಿದ್ದು ನಾ ನೋಡೇನ್ರಿ" ಅಂದ.

"ನೋಡಿರಬೇಕು," ಅಂದರು ದೇಶಮುಖರು. "ಅಂವನೂ ನಮ್ಮ ಆಳೇ."

ಕಾಕಾ ರುಮಾಲು ಸರಿ ಮಾಡಿಕೊಂಡರಂತೆ. ಆ ರುಮಾಲು ನೆಟ್ಟಗೆ ನಿಂತದ್ದು ಅದೇ ಮೊದಲು ಎಂದು ಅಪ್ಪ ಹೇಳುತ್ತಿದ್ದ. "ಸಾಹೇಬ್ರ, ಹಂಗಾದ್ರ ಆಳುಗಳ ಸೀಟಿಗಿ ನನ್ನ ಹೆಸರು ಹಚ್ರಿ."

"ಅದು ಗಿರಣಿ ಆಳುಗಳಿಗದ. ಹೊಲದ ಆಳಿಗಿ ಸೀಟಿಲ್ಲ."

"ಪಟ್ಟೇದಾರರ ಸೀಟು?"

"ನಿನ್ನ ಪಟ್ಟಾ ಎಲ್ಲದ?"

ಪಟ್ಟಾ ಅಣ್ಣನ ಹೆಸರಿನಲ್ಲಿತ್ತು. ಅದನ್ನು ಅಲ್ಲಿಗೆ ಕಳಿಸುವ ದಾರಿ ತೋರಿಸಿದವನು ಇದೇ ಪೇಶಕಾರ. ಕಾಕಾ ಕೇಳಿದರು, "ಹಂಗಾದ್ರ ನಾ ಯಾರ್ರೀ?"

"ಮನ್ಯಾಗ ಕೇಳಿ ಬಾ," ಅಂದ ಪೇಶಕಾರ.

ಕಾಕಾ ನಿಜವಾಗಿಯೂ ಮನೆಗೆ ಬಂದು ಕೇಳಿದರು. ಗೋಡೆಯ ಈಚೆ ನಾನು ಹುಣಸೆ ಬೀಜ ಆಡುತ್ತಿದ್ದೆ. "ನಾ ಯಾರು ಬೇ?" ಎಂಬ ದನಿ ಕೇಳಿಸಿತು.

ಕಾಕಿ ಬೈಯುತ್ತಾರೆ ಎಂದು ನಾನು ಕಿವಿ ನೆಟ್ಟಗೆ ಮಾಡಿದೆ. "ಯಾರರೆ ಇರ್ರಿ," ಅಂದರು ಕಾಕಿ. "ಕೈಕಾಲು ತೊಳಕೊಂಡು ಊಟಕ್ಕ ಕೂಡ್ರಿ."

ಆವತ್ತು ಕಾಕಾ ರೊಟ್ಟಿಯನ್ನು ಮೂರು ತುಂಡು ಮಾಡಲಿಲ್ಲ. ಸುಮ್ಮನೆ ಮುರಿಮುರಿದು ತಿಂದರು.

ಕೌಲು ಮಾಡುವವರ ಪರವಾಗಿ ಮಾತಾಡಲು ದೇಶಮುಖರ ಅಳಿಯ ಅವಿರೋಧವಾಗಿ ಆಯ್ಕೆಯಾದ. ಅವನು ಒಮ್ಮೆಯೂ ನಮ್ಮ ದಂಡೆಗೆ ಬರಲಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿ ದನಗಳೇ ದಾಟಿ ಹೋಗುವಾಗಲೂ ಬರಲಿಲ್ಲ. ಯುಗಾದಿಯ ಸಾಲಿನಲ್ಲಿ ಕಾಕಾ ನಿಂತರು. ಎಲೆ ಅವರನ್ನು ದಾಟಿ ಹೋಯಿತು. ನಮ್ಮಪ್ಪನನ್ನೂ ದಾಟಿತು. ಆ ವರ್ಷ ನಾವು ಏನು ಉಂಡೆವು ಎಂದು ಬರೆಯಲು ಹೋದರೆ ಸಿಟ್ಟು ಬೇರೆ ಕಡೆ ಹರಿಯುತ್ತದೆ, ಬಿಡಿ.

ಆ ಮಳೆಗಾಲ ಕಳೆಯುವ ಹೊತ್ತಿಗೆ ದಂಡು ಬಂತು. ಪೊಲೀಸ್ ಆಕ್ಷನ್ ಅಂತ ಈಗ ಎಲ್ಲರೂ ಅನ್ನುತ್ತಾರೆ; ನಮಗೆ ಆಗ ಗೊತ್ತಾದದ್ದು ಬಾಗಿಲು ಹಾಕಿಕೊಂಡು ಕೂಡಬೇಕು ಎಂದಷ್ಟೇ. ಬಾಗಿಲು ತೆಗೆದಾಗ ರಾಜ್ಯ ಬದಲಾಗಿತ್ತು. ಹೈದರಾಬಾದಿನ ಆ ಸಭೆ, ಅದರ ಪಟ್ಟೇದಾರರ ಸೀಟು, ಕೌಲುದಾರರ ಸೀಟು, ರೊಟ್ಟಿಯ ಮೂರು ತುಂಡು ಕೂಡಿಸಿ ಮಾಡಿದ ಕ್ಷೇತ್ರ, ಎಲ್ಲವೂ ಹೋಗಿದ್ದವು.

ಸುದ್ದಿ ಕೇಳಿದ ಕಾಕಾ ಅದೇ ದಿನ ಅಣ್ಣನ ಮನೆಗೆ ನಡೆದರು. ಹಿಂದೆ ಕಾಕಿ. ಅವರ ಹಿಂದೆ, ಯಾರೂ ಕರೆಯದಿದ್ದರೂ, ನಾನು.

"ಅಣ್ಣಾ, ಸೀಟೇ ಹೋತು. ಇನ್ನ ನನಗ ಅದರ ಗೊಡವಿ ಇಲ್ಲ. ಹೊಲ ನನ್ನ ಹೆಸರಿಗಿ ಮಾಡು."

ಅಣ್ಣ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. "ನೀ ಮೆಂಬರಾಗ್ತೇನಿ ಅಂತ ಕೊಟ್ಟಿ. ನೀ ಆಗ್ಲಿಲ್ಲ. ಅದು ನನ್ನ ತಪ್ಪೇನು?"

"ಸೀಟು ಮುಗದ ಮರುದಿನ ವಾಪಸ್ ಅಂದಿದ್ದಿ."

"ಸೀಟು ಸುರುನೇ ಆಗ್ಲಿಲ್ಲಲ್ಲೋ. ಮುಗ್ಯೂದು ಎಲ್ಲಿಂದ ಬಂತು?"

"ವಿಭೂತಿ ಮುಟ್ಟಿದ್ದಿ, ಅಣ್ಣಾ."

"ಮುಟ್ಟೇನಿ. ಹಚ್ಚಿಕೊಂಡೂ ಇದ್ದೇನಿ, ನೋಡು," ಎಂದು ಹಣೆ ತೋರಿಸಿದ.

ಕಾಕಾ ಆ ಹಣೆಯನ್ನೇ ನೋಡುತ್ತ ನಿಂತರು. ಕಾಕಿ ಅಣ್ಣನ ಹೆಂಡತಿಯ ಕಡೆ ತಿರುಗಿ, "ಯಕ್ಕಾ, ಬೆಲ್ಲದ ಡಬ್ಬಿನಾದ್ರೂ ಕೊಡು, ಹೋಗ್ತೇವಿ" ಅಂದರು. ಡಬ್ಬಿ ಸಿಕ್ಕಿತು. ಖಾಲಿ ಇತ್ತು.

ದೂರು ಹೇಳಲು ಕಾಕಾ ಹೊಸ ಸರಕಾರದ ಕಚೇರಿಗೂ ಅಲೆದರು. ಹೊಸ ಟೋಪಿಯವರು, "ಕಾನೂನು ಎಲ್ಲಾ ಬದಲಾಗತಾವು, ಸ್ವಲ್ಪ ತಡೀರಿ" ಅಂದರು. ಅದೇ ಕುರ್ಚಿಯಲ್ಲಿ ಅದೇ ಪೇಶಕಾರ ಕೂತಿದ್ದ. ಅವನಿಗೆ ಮಾತ್ರ ಯಾವ ತಡೆಯೂ ಇರಲಿಲ್ಲ.

ಎಳ್ಳಮವಾಸ್ಯೆ ಬಂತು. ನಮ್ಮ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಸಜ್ಜೆ ರೊಟ್ಟಿ, ಕಡುಬು, ಹತ್ತೆಂಟು ಕಾಯಿಪಲ್ಲೆ ಕೂಡಿಸಿದ ಭಜ್ಜಿ, ಶೇಂಗಾ ಹೋಳಿಗೆ ಮಾಡಿಕೊಂಡು, ಬುಟ್ಟಿ ಹೊತ್ತು ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ಮೊದಲು ಚರಗ ಚೆಲ್ಲುವುದು, ಅಂದರೆ ಅಡುಗೆಯನ್ನು ಬೆಳೆಯ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣಿಸುವುದು. ಆಮೇಲೆ ನಾವು ಉಣ್ಣುವುದು. ಹೊಲ ಯಾರದೋ ಚರಗವೂ ಅವರದೇ.

ಕಾಕಿ ಎಂದಿನಂತೆ ಅಡುಗೆ ಮಾಡಿ ಬುಟ್ಟಿ ತುಂಬಿದ್ದರು. ಕಾಕಾ ಕಟ್ಟೆ ಬಿಟ್ಟು ಏಳಲೊಲ್ಲರು. "ಹೊಲಾನೇ ಇಲ್ಲ. ಚರಗ ಎಲ್ಲಿಗಿ ಒಯ್ತಿ?"

"ಭೂಮ್ತಾಯಿ ಪಟ್ಟಾ ನೋಡಿ ಉಣ್ತಾಳೇನು? ಏಳ್ರಿ."

ನಮ್ಮಪ್ಪನಿಗೂ ಹೊಲ ಇರಲಿಲ್ಲವಲ್ಲ, ನಾವೂ ಅವರ ಜತೆ ಹೊರಟೆವು. ಆ ಹೊಲಗಳ ಹತ್ತಿರ ಬಂದರೆ, ಬದುವಿನ ಬಲಕ್ಕೆ ಕಾಕಾನ ಅಣ್ಣ ಮಕ್ಕಳೊಂದಿಗೆ ಚರಗ ಚೆಲ್ಲುತ್ತಿದ್ದ. ಎಡಕ್ಕೆ ದೇಶಮುಖರಿಂದ ಆ ವರ್ಷ ಎಲೆ ಪಡೆದ ಹೊಸಬ ಚೆಲ್ಲುತ್ತಿದ್ದ. ಎರಡೂ ಕಡೆ ಜೋಳ ಎದೆಯುದ್ದ ನಿಂತಿತ್ತು. ಒಂದು ಕಡೆಯ ಮಣ್ಣು ಕಾಕಾನ ಅಪ್ಪನದು, ಇನ್ನೊಂದು ಕಡೆಯ ಮಣ್ಣಿನಲ್ಲಿ ಕಾಕಾನದೇ ಗೊಬ್ಬರ.

ಕಾಕಾ ಎರಡೂ ಕಡೆ ನೋಡಿದರು. ಬುಟ್ಟಿ ತೆಗೆದುಕೊಂಡು ಬದುವಿನ ಮೇಲೆ ಹತ್ತಿದರು. ಹುಲ್ಲು, ಜಾಲಿಮುಳ್ಳು, ಇಲಿ ಬಿಲ. ಅಲ್ಲಿಯೇ ಅತ್ತಿಂದಿತ್ತ ನಡೆಯುತ್ತ ಕೂಗಿ ಕೂಗಿ ಚರಗ ಚೆಲ್ಲತೊಡಗಿದರು.

ಅಣ್ಣ ನಗುತ್ತ ಕೇಳಿದ, "ಏ ತಮ್ಮಾ, ಬದುವಿನ ಮ್ಯಾಲ ಏನು ಬೆಳೀತೀಯೋ?"

ಕಾಕಾ ನಿಂತರು. ರುಮಾಲು ನೆಟ್ಟಗೆ ಮಾಡಿದರು. ಅದು ಎರಡನೆಯ ಸಲ. ಈ ಸಲ ನಾನೇ ಕಣ್ಣಾರೆ ನೋಡಿದೆ.

"ಈ ಬದುವಿಗಿ ಪಟ್ಟಾ ಇಲ್ಲ, ಕೌಲಿಲ್ಲ, ನನ್ನಂಗ. ಆ ಕಡಿಯಿಂದ ನೀ ನೇಗಿಲ ಒತ್ತಿ ತಿಂತಿ, ಈ ಕಡಿಯಿಂದ ಇಂವ ತಿಂತಾನ. ಇದರ ಪರ ಮಾತಾಡೋರು ಯಾರು? ನಾನೇ ಇದರ ಮೆಂಬರ್. ಎದುರ ಯಾರೂ ನಿಂತಿಲ್ಲ. ಅವಿರೋಧ!"

ಎರಡೂ ಹೊಲದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಕಾಕಿ ನಗಲಿಲ್ಲ. ಬದುವಿನ ಮೇಲೇ ಸೆರಗಿನಿಂದ ಮುಳ್ಳು ಸರಿಸಿ, ಕೂತು, ರೊಟ್ಟಿ ಬಿಚ್ಚಿದರು. "ಮೆಂಬರ್ ಸಾಹೇಬ್ರ, ಊಟಕ್ಕ ಬರ್ರಿ," ಅಂದರು. ಆ ಮಾತಿನಲ್ಲಿ ಚೇಷ್ಟೆ ಇತ್ತೋ ಮರ್ಯಾದೆ ಇತ್ತೋ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಅಂದಿನಿಂದ ಊರಿಗೆ ಅವರು ಬದುವಿನ ಮೆಂಬರು. ಕಂಡವರ ಹೊಲದಲ್ಲಿ ಕೂಲಿ ಮಾಡಿಕೊಂಡು ಬದುಕಿದರು. ಸಂಜೆ ಮಾತ್ರ ಬದುವಿನ ಮೇಲೆ ಒಂದು ಸುತ್ತು. ನೇಗಿಲು ಒಂದು ಗೇಣು ಒತ್ತಿದ್ದು ಕಂಡರೆ ಅಲ್ಲಿಂದಲೇ ಭಾಷಣ, ಉರ್ದುವಿನಲ್ಲಿ. ಎಲ್ಲರಿಗೂ ವೋಟು ಬಂದ ಕಾಲಕ್ಕೆ ಹಾಕಿ ಬಂದು, ಶಾಯಿ ಹಚ್ಚಿದ ಬೆರಳನ್ನು ಕಾಕಿಗೆ ತೋರಿಸಿದರು. "ಈ ಸಲ ಕಸಬು ಕೇಳಲಿಲ್ಲ ಬೇ."

"ಹೊಲ ಕೊಟ್ರೇನು?" ಅಂದರು ಕಾಕಿ.

"ಅದನ್ನೂ ಕೇಳಲಿಲ್ಲ."

ಅವರು ತೀರಿಕೊಂಡಾಗ ನಾನು ಗಂಡನ ಮನೆಯಿಂದ ಬಂದಿದ್ದೆ. ನಮ್ಮವರಲ್ಲಿ ತೀರಿಕೊಂಡವರನ್ನು ಅವರವರ ಹೊಲದಲ್ಲೇ ಹೂಳುವುದು, ಅದೂ ಕೂರಿಸಿ. ಅಷ್ಟೊತ್ತಿಗೆ ಅಣ್ಣನೂ ಸತ್ತು ಹೋಗಿದ್ದ. ಅವನ ಮಕ್ಕಳು, "ನಮ್ಮ ಹೊಲದಾಗ ಬ್ಯಾಡ" ಅಂದರು.

"ನಿಮ್ಮ ಹೊಲ ಯಾರು ಕೇಳ್ಯಾರೋ?" ಅಂದರು ಕಾಕಿ. "ಅವರ ಕ್ಷೇತ್ರ ಅವರಿಗದ. ಬದುವಿನ ಮ್ಯಾಲೇ ಕೂಡಸ್ರಿ."

ಆದರೆ ಬದು ಅಷ್ಟು ಅಗಲ ಎಲ್ಲಿತ್ತು? ಎರಡೂ ಕಡೆಯವರು ತಿಂದು ತಿಂದು ಒಬ್ಬ ಮನುಷ್ಯ ಕೂಡುವಷ್ಟು ಜಾಗವನ್ನೂ ಬಿಟ್ಟಿರಲಿಲ್ಲ. ಕುಣಿ ತೋಡುವವರು ಗುದ್ದಲಿ ಹಿಡಿದು ನಿಂತೇ ಇದ್ದರು. ಹೆಣದ ಮುಂದೆ ಎಷ್ಟು ಹೊತ್ತು ಜಗಳವಾಡುವುದು? ಕೊನೆಗೆ ಆ ಕಡೆಯವರು ಎರಡು ಸಾಲು, ಈ ಕಡೆಯವರು ಎರಡು ಸಾಲು ಬಿಟ್ಟುಕೊಟ್ಟರು. ಬದುಕಿದ್ದಾಗ ಒಂದು ಎಲೆ ಬರೆದುಕೊಡದ ಜನ!

ಈಗ ಆ ಹೊಲಗಳಿಗೆ ಯಾರು ಯಾರೋ ಬಂದಿದ್ದಾರೆ, ಟ್ರ್ಯಾಕ್ಟರು ಓಡಿಸುತ್ತಾರೆ. ಉಳಿದ ಬದುವೆಲ್ಲ ಸವೆದು ಹಗ್ಗದಷ್ಟಾಗಿದೆ. ಕಾಕಾ ಕೂತಲ್ಲಿ ಮಾತ್ರ ಅಗಲವಾಗಿದೆ. ಅಲ್ಲಿಗೆ ಬಂದಾಗ ಎರಡೂ ಕಡೆಯವರು ಚಕ್ರ ತಿರುಗಿಸಿ ಸುತ್ತಿಕೊಂಡು ಹೋಗಬೇಕು, ಬೈಯುತ್ತಲೇ ಹೋಗುತ್ತಾರೆ ಎಂದು ಮೊಮ್ಮಗಳು ಹೇಳಿದಳು.

ಬೈಯಲಿ. ಮೆಂಬರನ್ನು ಬೈಯದ ಕ್ಷೇತ್ರ ಯಾವುದಿದೆ?